ಎಲೆ ಆಡೋರ ಜೊತೆ ಗೋವಾಕ್ಕೆ, ಆಮೇಲೆ ಬೇಲೂರಿಗೆ

ನಮ್ಮನೆಯೋರು ಇಸ್ಪೀಟ್ ಆಡ್ತಾರೆ ಅನ್ನೋದು ನಮ್ಮ ಬೀದೀಲಿ ಗುಟ್ಟೇನಲ್ಲ. ಅರಸೀಕೆರೆ ಕಡೆ ಯುಗಾದಿ ಬಂತು ಅಂದ್ರೆ ಆಡದೇ ಇರೋರನ್ನ ಹುಡುಕಬೇಕು. ಬೇವು ಬೆಲ್ಲ ತಿಂದು ಒಬ್ಬಟ್ಟು ಉಂಡು ಎದ್ರೆ ಸಾಕು, ಅರಳಿಕಟ್ಟೆ ಮೇಲೆ ಒಂದು ಗುಂಪು, ತೋಟದ ಮನೇಲಿ ಒಂದು ಗುಂಪು. ಅಂದರ್ ಬಾಹರ್, ಮೂರೆಲೆ, ರಮ್ಮಿ, ಯಾವುದು ಬೇಕೋ ಅದು. ಪೊಲೀಸ್ ಜೀಪು ಬಂತು ಅಂತ ಯಾರೋ ಕೂಗಿದ್ರೆ ಪಂಚೆ ಎತ್ತಿಕಟ್ಕೊಂಡು ಓಡೋದೂ ಹಬ್ಬದ್ದೇ ಒಂದು ಭಾಗ.

ಆದ್ರೆ ನಮ್ಮನೆಯೋರ ಆಟ ಬೇರೆ. ಅವರದ್ದು ಪೋಕರ್. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ರೂಮಿನ ಹುಡುಗರ ಜೊತೆ ಕಲಿತದ್ದು. 2020ರಲ್ಲಿ ಊರಿಗೆ ವಾಪಸ್ ಬಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಕೊಂಡ್ರು, ತೋಟಾನೂ ನೋಡ್ಕೊಳ್ಳೋಕೆ ಶುರು ಮಾಡಿದ್ರು. ಪೋಕರ್ ಮಾತ್ರ ಫೋನಿನೊಳಗೆ ಕೂತ್ಕೊಂಡು ಜೊತೇಲೇ ಬಂತು. ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಕೂತು ಒಂದು ಗಂಟೆ ಆಡೋರು.

ಹದಿನೆಂಟು ವರ್ಷದಲ್ಲಿ ನಾವಿಬ್ರೂ ಪ್ರವಾಸ ಅಂತ ಹೋಗಿದ್ದು ಎರಡೇ ಸಲ. ಒಂದು ಧರ್ಮಸ್ಥಳ, ಇನ್ನೊಂದು ಯಾರದೋ ಮದುವೆಗೆ ಅಂತ ಹೋಗಿ ಹಂಗೇ ನೋಡ್ಕೊಂಡು ಬಂದ ಹಂಪಿ. 2025ರ ಸಂಕ್ರಾಂತಿ ಕಳೆದ ವಾರ ಅವರಾಗೇ ಕೇಳಿದ್ರು, "ಲೇ, ಗೋವಾಕ್ಕೆ ಹೋಗಿ ಬರೋಣ್ವಾ? ಒಂದ್ಸಲ ದೊಡ್ಡ ಟೇಬಲ್ ಮುಂದೆ ಕೂತು ಆಡಿ ಬರಬೇಕು ಅಂತ ಆಸೆ. ನೀನೂ ಬಾ."

ಅಲ್ಲೇ ಕೂತಿದ್ದ ನಮ್ಮತ್ತೆ ಅವರೆಕಾಯಿ ಬಿಡಿಸೋದು ನಿಲ್ಲಿಸಿದ್ರು.

ಅತ್ತೆ ಯಾಕೆ ನಿಲ್ಲಿಸಿದ್ರು ಅಂತ ಹೇಳ್ಬೇಕಂದ್ರೆ ನಮ್ಮ ದೊಡ್ಡಮಾವನ ಕತೆ ಹೇಳ್ಬೇಕು. ಮಾವನೋರ ಅಣ್ಣ. ಒಳ್ಳೆ ಮನುಷ್ಯ, ಕುಡಿಯೋರಲ್ಲ, ಬೀಡಿ ಸೇದೋರಲ್ಲ. ಎಲೆ ಮಾತ್ರ. ಸಂತೆ ದಿನ ಕೊಬ್ಬರಿ ಮಾರಿ ಬಂದ ದುಡ್ಡು ಮನೆಗೆ ಬರೋ ಮೊದಲೇ ಕರಗೋದು. ಕೊನೆಗೆ ಎರಡೆಕರೆ ಫಲಕ್ಕೆ ಬಂದ ತೆಂಗಿನ ತೋಟ ಹೋಯ್ತು. ಈಗಲೂ ನಾವು ಜಾವಗಲ್ ರಸ್ತೇಲಿ ಬಸ್ಸಲ್ಲಿ ಹೋಗುವಾಗ ಆ ತೋಟ ಕಾಣುತ್ತೆ. ಅತ್ತೆ ಆ ಕಡೆ ತಿರುಗಲ್ಲ.

"ಅಲ್ಲಿ ದೋಣೀಲಿ ಆಡ್ತಾರಂತೆ, ಹೌದೇನವ್ವಾ?" ಅಂತ ನನ್ನ ಕೇಳಿದ್ರು, ಮಗನ್ನ ಕೇಳಲಿಲ್ಲ.

"ಹೌದತ್ತೆ, ಹಡಗಿನಲ್ಲಿ."

"ಎದ್ದು ಬರೋಣ ಅಂದ್ರೆ ಸುತ್ತ ನೀರಲ್ಲವೇನವ್ವಾ" ಅಂದ್ರು.

ನಾನು ಒಂದು ದಿನ ತಗೊಂಡು ಯೋಚನೆ ಮಾಡಿದೆ. ನಮ್ಮನೆಯೋರ ಹತ್ರ ಒಂದು ನೋಟ್‌ಬುಕ್ ಐತೆ. ಆಡಿದ ದಿನ, ಎಷ್ಟು ಹೊತ್ತು, ಬಂದದ್ದೆಷ್ಟು, ಹೋದದ್ದೆಷ್ಟು ಎಲ್ಲ ಬರೀತಾರೆ. ಬಚ್ಚಿಡಲ್ಲ, ಟಿವಿ ಪಕ್ಕದಲ್ಲೇ ಇರುತ್ತೆ. ಅವತ್ತು ಕೂತು ಕೂಡಿಸಿದೆ. ಮೂರು ವರ್ಷಕ್ಕೆ 18,600 ರೂಪಾಯಿ ಲಾಭ. ಆಡಿದ ಹೊತ್ತು ಹತ್ತಿರ ಹತ್ತಿರ 1,100 ಗಂಟೆ. ಅಂದ್ರೆ ಗಂಟೆಗೆ 17 ರೂಪಾಯಿ. "ರೀ, ಕಾಯಿ ಸುಲಿಯೋ ಆಳು ಇದಕ್ಕೆ ಬರಲ್ಲ" ಅಂದೆ. ಅವರು ನಕ್ಕು, "ಈ ಆಟದಲ್ಲಿ ಜಾಸ್ತಿ ಜನ ಕೈಯಿಂದ ಕಳ್ಕೋತಾರೆ ಕಣೆ, ನಂದು ಕೂಡಿಸೋ ಚಿಹ್ನೆಯಾದ್ರೂ ಐತಲ್ಲ" ಅಂದ್ರು. ಅದೂ ನಿಜಾನೇ.

ಹೊರಡೋ ಮೊದಲು ನನ್ನದು ಮೂರು ಮಾತು. ಒಂದು, ಆಟಕ್ಕೆ ಅಂತ 30,000 ಬೇರೆ ಲಕೋಟೆ, ಅದು ಅಂಗಡಿ ದುಡ್ಡಿಂದ. ಖರ್ಚಿನ ದುಡ್ಡು ನನ್ನ ಹತ್ರ. ಎರಡು, ಆಡೋವಾಗ ಅವರ ಫೋನು ನನ್ನ ಬ್ಯಾಗಲ್ಲಿ. ಯಾಕಂದ್ರೆ ಆ ಫೋನಿನ ಖಾತೇಲಿ ಅತ್ತೆಯ ಕೊಬ್ಬರಿ ಮಾರಿದ 85,000 ಇತ್ತು, ಮಗಳ ಪಿಯುಸಿ ಫೀಸಿಗೆ ಅಂತ ಇಟ್ಟದ್ದು. ಹಿಂದೆ ದೊಡ್ಡಮಾವ ತೋಟ ಕಳೀಬೇಕಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿಗಾದ್ರೂ ನಡೀಬೇಕಿತ್ತು. ಈಗ ಹೆಬ್ಬೆಟ್ಟು ಒತ್ತಿದ್ರೆ ಸಾಕು. ಮೂರು, ವಾಪಸ್ ಬಂದ್ಮೇಲೆ ಒಂದು ಪೂರ್ತಿ ದಿನ ಹಳೇಬೀಡು, ಬೇಲೂರು. ಇಲ್ಲೇ ಪಕ್ಕದಲ್ಲಿ ಇಟ್ಕೊಂಡು ಸ್ಕೂಲ್ ಟ್ರಿಪ್ಪಲ್ಲಿ ನೋಡಿದ್ದು ಬಿಟ್ರೆ ನಾನು ಮತ್ತೆ ಕಾಲಿಟ್ಟಿರಲಿಲ್ಲ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿ ದೇಶದ ಜನ ಎಲ್ಲ ಬರ್ತಾವ್ರೆ, ನಾವು ಮಾತ್ರ ಬಸ್ಸಿನ ಬೋರ್ಡು ಓದ್ಕೊಂಡು ಇದೀವಿ.

ಮೂರಕ್ಕೂ ಒಪ್ಪಿದ್ರು.

ಯಶವಂತಪುರದಿಂದ ವಾಸ್ಕೋಗೆ ಹೋಗೋ ರೈಲು ಅರಸೀಕೆರೆ ಮೇಲೇ ಹೋಗುತ್ತೆ. ಸಂಜೆ ಚಪಾತಿ, ಚಟ್ನಿಪುಡಿ ಕಟ್ಕೊಂಡು ಹತ್ತಿದ್ರೆ ಬೆಳಗಿನ ಜಾವಕ್ಕೆ ಗೋವಾ. ಪಣಜಿಯಲ್ಲಿ ಒಂದು ಸಾಧಾರಣ ರೂಮು ಮಾಡಿದ್ವಿ. ಸಂಜೆ ಆಗ್ತಾ ಮಾಂಡೋವಿ ನದಿ ಮೇಲೆ ಹಡಗುಗಳಿಗೆ ದೀಪ ಹಾಕಿದ್ರು. ನಮ್ಮೂರ ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಇಷ್ಟು ದೊಡ್ಡದಾಗಿ ನಾನು ನೋಡಿರಲಿಲ್ಲ.

ಹಡಗಿನಲ್ಲೇ ಯಾಕೆ ಅಂತ ನನಗೂ ಅನ್ನಿಸಿತ್ತು. ಗೋವಾದ ಜೂಜಿನ ಕಾನೂನು 1976ರದ್ದು. ಅದಕ್ಕೆ 1992ರಲ್ಲಿ ತಿದ್ದುಪಡಿ ತಂದು ಐದು ಸ್ಟಾರಿನ ಹೋಟೆಲುಗಳಲ್ಲಿ ಮಷೀನ್ ಆಟಕ್ಕೆ ಬಿಟ್ರು, 1996ರಲ್ಲಿ ಹಡಗಿನ ಮೇಲೆ ಟೇಬಲ್ ಆಟಕ್ಕೂ ದಾರಿ ಮಾಡಿದ್ರು. ಅದಕ್ಕೇ ಎಲೆ ಹಂಚೋ ಟೇಬಲ್ಲು ನೀರಿನ ಮೇಲೆ. 21 ವರ್ಷ ಆಗದೇ ಇರೋರನ್ನ ಒಳಗೆ ಬಿಡಲ್ಲ. ಇನ್ನೊಂದು ವಿಷಯ ಕೇಳಿ ನನಗೆ ನಗು ಬಂತು. 2020ರ ಫೆಬ್ರವರಿ 1ರಿಂದ ಗೋವಾದವರಿಗೇ ಒಳಗೆ ಹೋಗೋಕೆ ಇಲ್ಲ. ಹೊರಗಿನವರಿಗೆ ಮಾತ್ರ. ಅಡುಗೆ ಮಾಡಿದೋರು ತಾವು ತಿನ್ನದೆ ನೆಂಟರಿಗೆ ಮಾತ್ರ ಬಡಿಸಿದ್ರೆ ನಾವು ಏನಂತ ಅಂದ್ಕೋತೀವಿ?

ಜೆಟ್ಟಿಯಿಂದ ಸಣ್ಣ ಬೋಟಲ್ಲಿ ಹಡಗಿಗೆ ಕರ್ಕೊಂಡು ಹೋದ್ರು. ಪ್ರವೇಶದ ದುಡ್ಡಲ್ಲೇ ಊಟ ಸೇರಿತ್ತು. ನನಗೆ 1,000 ರೂಪಾಯಿಯ ಬಿಲ್ಲೆನೂ ಕೊಟ್ರು. ಅದನ್ನ ದುಡ್ಡು ಮಾಡ್ಕೊಳ್ಳೋ ಹಂಗಿಲ್ಲ, ಒಂದ್ಸಲ ಆಡಬೇಕು, ಗೆದ್ದದ್ದು ಮಾತ್ರ ನಮ್ಮದು. ರೂಲೆಟ್ ಚಕ್ರದ ಹತ್ರ ಹೋಗಿ ನಿಂತೆ. ನಮ್ಮನೆಯೋರು ಕಿವೀಲಿ ಲೆಕ್ಕ ಹೇಳಿದ್ರು: ಒಟ್ಟು 37 ಮನೆ, 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಕೆಂಪಿಗೆ ಇಟ್ಟು ಕೆಂಪು ಬಿದ್ರೆ ಇಟ್ಟಷ್ಟೇ ಸಿಗುತ್ತೆ, ಆದ್ರೆ ಬೀಳೋ ದಾರಿ 37ಕ್ಕೆ 18 ಮಾತ್ರ. ಆ ಒಂದು ಹಸಿರು ಮನೆ ಕಂಪನಿಯದ್ದು. "ನೂರು ರೂಪಾಯಿ ಇಟ್ಟಾಗೆಲ್ಲ ಸರಾಸರಿ ಎರಡು ರೂಪಾಯಿ ಎಪ್ಪತ್ತು ಪೈಸೆ ಅವರಿಗೆ ಹೋಗ್ತಾ ಇರುತ್ತೆ ಕಣೆ. ಅದಕ್ಕೇ ನಾನು ಇದನ್ನ ಮುಟ್ಟಲ್ಲ" ಅಂದ್ರು. ನಾನು ಕೆಂಪಿಗೆ ಇಟ್ಟೆ. ಕೆಂಪೇ ಬಿತ್ತು. ಒಂದು ಸಾವಿರ ಪರ್ಸಿಗೆ ಹಾಕ್ಕೊಂಡು ಬಂದೆ. ಪಕ್ಕದ ಹೆಂಗಸು "ಲಕ್ ಚೆನ್ನಾಗೈತೆ, ಆಡಿ" ಅಂದ್ರು. ಚೆನ್ನಾಗಿದ್ದಾಗ್ಲೇ ಎತ್ತಿಟ್ಟುಕೊಳ್ಳೋದು ತೆಂಗಿನ ಬೆಳೆ ಮನೆಯೋರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪೋಕರ್ ಟೇಬಲ್ಲು ಬೇರೆ ಕಡೆ. ಅಲ್ಲಿ ಗದ್ದಲ ಇಲ್ಲ. ಆಟ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ತೀನಿ. ಒಬ್ಬೊಬ್ಬರಿಗೆ ಎರಡು ಎಲೆ ಮುಚ್ಚಿ ಕೊಡ್ತಾರೆ. ಆಮೇಲೆ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆಗೀತಾರೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆ ಐದು ಯಾರದ್ದೋ ಅವರದ್ದು ದುಡ್ಡು. ಪ್ರತಿ ಸಲ ಎಲೆ ತೆಗೆದಾಗಲೂ ಹಣ ಕಟ್ಟಬಹುದು, ಇಲ್ಲ ಎಲೆ ಎಸೆದು ಸುಮ್ಮನಾಗಬಹುದು. ಇಲ್ಲಿ ಕಂಪನಿ ಎದುರಾಳಿ ಅಲ್ಲ. ಕೂತೋರು ಕೂತೋರ ಮಧ್ಯೆ ಆಟ, ಕಂಪನಿ ಪ್ರತಿ ಗಂಟಿನಿಂದ ಒಂದು ಚೂರು ತೆಕ್ಕೊಳ್ಳುತ್ತೆ. ನಮ್ಮೂರ ಕಟ್ಟೆ ಮೇಲೆ ಆಟ ಆಡಿಸೋನು ಕೈಗೊಂದಿಷ್ಟು ಅಂತ ಕಿತ್ಕೋತಾನಲ್ಲ, ಹಂಗೆ. ರಮ್ಮಿಗೆ ಕೌಶಲ ಬೇಕು, ಬರೀ ಅದೃಷ್ಟ ಅಲ್ಲ ಅಂತ ಸುಪ್ರೀಂ ಕೋರ್ಟು 1968ರಲ್ಲೇ ಹೇಳಿದೆ. ಪೋಕರ್ರೂ ಹಂಗೇ ಅಂತ ನಮ್ಮನೆಯೋರ ವಾದ, ವರ್ಷಗಟ್ಟಲೆ ಕೇಳಿದೀನಿ.

ನಾನು ಹಿಂದೆ ಒಂದು ಕುರ್ಚೀಲಿ ಕೂತು ನೋಡಿದೆ. ಏನು ನೋಡಿದೆ ಗೊತ್ತಾ? ಹತ್ತು ಸಲ ಎಲೆ ಬಂದ್ರೆ ಎಂಟು ಸಲ ಎಸೀತಿದ್ರು. ಮನೇಲಿ ಒಂದು ಮಾತು ಬಿಡದ ಮನುಷ್ಯ! ಸಾರಿಗೆ ಉಪ್ಪು ಕಮ್ಮಿ ಅಂದ್ರೆ ಅದರ ಮೇಲೊಂದು, ಅದರ ಮೇಲೊಂದು. ಇಲ್ಲಿ ಎದುರಿಗಿದ್ದೋನು ಕೆಣಕಿದ್ರೂ ಸುಮ್ಮನೆ ಎಲೆ ಜರುಗಿಸಿ ನೀರು ಕುಡೀತಿದ್ರು. ಇಷ್ಟು ತಾಳ್ಮೆ ಇವರಿಗೆ ಐತೆ ಅಂತ ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಸಿಟ್ಟೂ ಬಂತು ಅನ್ನಿ. ಐತಲ್ಲ, ಮನೇಗೆ ಯಾಕೆ ತರಲ್ಲ?

ಮೊದಲ ರಾತ್ರಿ ಹತ್ತು ಸಾವಿರ ನಿಧಾನಕ್ಕೆ ಕರಗಿತು. ಬೇಜಾರು ಮಾಡ್ಕೊಳ್ಳಲಿಲ್ಲ, ನೋಟ್‌ಬುಕ್ಕಲ್ಲಿ ಬರೆದ್ರು, ಮಲಗಿದ್ರು. ಬೆಳಗ್ಗೆ ಇಬ್ರೂ ಮೀರಾಮಾರ್ ಬೀಚಲ್ಲಿ ಕಾಲು ತೋಯಿಸ್ಕೊಂಡು ನಡೆದ್ವಿ.

ಎರಡನೇ ರಾತ್ರಿ ಉಳಿದ ಇಪ್ಪತ್ತು ಸಾವಿರ ಇಟ್ಕೊಂಡು ಕೂತ್ರು. ಹನ್ನೊಂದು ಗಂಟೆ ಹೊತ್ತಿಗೆ ಬಿಲ್ಲೆ ಗೋಪುರ ಎದ್ದಿತ್ತು, 41,000. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ್ರು. ಆಮೇಲೆ ಒಂದು ಆಟದಲ್ಲಿ ಅವರು ಒಂದ್ಸಲ ಅಲ್ಲ ಎರಡು ಸಲ ಎಲೆ ನೋಡ್ಕೊಂಡ್ರು. ಹದಿನೆಂಟು ವರ್ಷದ ಸಂಸಾರ, ಬೆನ್ನು ನೋಡಿದ್ರೆ ಗೊತ್ತಾಗುತ್ತೆ, ಏನೋ ಒಳ್ಳೇದು ಬಂದೈತೆ ಅಂತ. ಎರಡು ರಾಜ. ಎದುರಿಗಿದ್ದೋನು ಎಲ್ಲಾ ಬಿಲ್ಲೆ ಮುಂದಕ್ಕೆ ತಳ್ಳಿದ. ಇವರೂ ತಳ್ಳಿದ್ರು. ಎಲೆ ಬಿಚ್ಚಿದ್ರೆ ಅವನ ಹತ್ರ ಎರಡು ಗುಲಾಮ. ನಡುವೆ ನಾಲ್ಕು ಎಲೆ ಬಂತು, ಏನೂ ಆಗಲಿಲ್ಲ. ಐದನೇದು ಗುಲಾಮ.

ಎರಡು ರಾಜನ ಮುಂದೆ ಎರಡು ಗುಲಾಮ ಅಂದ್ರೆ ಐದರಲ್ಲಿ ನಾಲ್ಕು ಸಲ ರಾಜನೇ ಗೆಲ್ಲೋದು. ಇದು ಐದನೇ ಸಲ. ಅವನ ಹತ್ರ ಬಿಲ್ಲೆ ಇವರಿಗಿಂತ ಜಾಸ್ತಿ ಇತ್ತು, ಹಂಗಾಗಿ ಇವರದ್ದು ಒಂದೂ ಉಳೀಲಿಲ್ಲ.

ಎದ್ದು ನನ್ನ ಹತ್ರ ಬಂದ್ರು. ಮುಖದಲ್ಲಿ ಸಿಟ್ಟಿಲ್ಲ, ನಗೂನೂ ಇಲ್ಲ. "ಫೋನ್ ಕೊಡೆ" ಅಂದ್ರು.

"ಯಾಕೆ?"

"ಹತ್ತೇ ಹತ್ತು. ಆ ಮನುಷ್ಯಂಗೆ ಆಟ ಬರಲ್ಲ. ಇನ್ನೊಂದು ಗಂಟೇಲಿ ಎಲ್ಲ ವಾಪಸ್ ಬರುತ್ತೆ. ನಾನು ತಪ್ಪು ಆಡಲಿಲ್ಲ ಕಣೆ, ನೀನೇ ನೋಡಿದ್ಯಲ್ಲ."

ಅವರು ಸುಳ್ಳು ಹೇಳ್ತಿರಲಿಲ್ಲ. ಅದೇ ನನಗೆ ಹೆದರಿಕೆ ಆಗಿದ್ದು. ತಪ್ಪು ಆಡಿ ಸೋತ ಮನುಷ್ಯ ನಾಚಿಕೊಂಡು ಎದ್ದು ಬರ್ತಾನೆ. ಸರಿಯಾಗಿ ಆಡಿ ಸೋತವನಿಗೆ ನನ್ನ ದುಡ್ಡು ಅಲ್ಲಿ ಯಾರದೋ ಮುಂದೆ ಕೂತೈತೆ, ಹೋಗಿ ತರೋದೊಂದೇ ಬಾಕಿ ಅನ್ನಿಸುತ್ತೆ. ಕೂಗಾಡಿದ್ರೆ ಹಟ ಬರುತ್ತೆ. ಕೊಡಲ್ಲ ಅಂದ್ರೆ ನಾಳೆಯಿಂದ ನಾನು ಕಾವಲುಗಾರ್ತಿ ಆಗ್ತೀನಿ, ಅವರು ಕಳ್ಳ ಆಗ್ತಾರೆ. ಜೀವಮಾನ ಪೂರ್ತಿ ಹಂಗಿರೋಕೆ ನನ್ನ ಕೈಲಿ ಆಗಲ್ಲ.

ಬ್ಯಾಗಿಂದ ಫೋನ್ ತೆಗೆದು ಕೈಗೆ ಕೊಟ್ಟೆ. "ತಗೊಳ್ಳಿ. ಆದ್ರೆ ಅದು ಅತ್ತೆ ಕೊಬ್ಬರಿ ದುಡ್ಡು. ತೆಗೆಯೋಕೆ ಮುಂಚೆ ನಿಮ್ಮವ್ವಂಗೆ ಒಂದು ಮಾತು ಹೇಳ್ಬಿಡಿ" ಅಂದೆ.

ರಾತ್ರಿ ಹನ್ನೊಂದೂವರೆ. ಅರಸೀಕೆರೇಲಿ ಅತ್ತೆ ಮೊಮ್ಮಗಳನ್ನ ಪಕ್ಕದಲ್ಲಿ ಮಲಗಿಸ್ಕೊಂಡು ನಿದ್ದೆ ಮಾಡ್ತಿರ್ತಾರೆ. ನಮ್ಮನೆಯೋರು ಫೋನ್ ಹಿಡ್ಕೊಂಡು ನಿಂತ್ರು. ಪರದೆ ಬೆಳಕು ಬಂತು, ಹೋಯ್ತು. ಮತ್ತೆ ಒತ್ತಿದ್ರು, ಮತ್ತೆ ಆರಿತು. ಹಿಂದಿನಿಂದ ಯಾರೋ ಅವರ ಕುರ್ಚೀಲಿ ಬಂದು ಕೂತ್ರು. ನಾನು ಎದೆ ಬಡಿತ ಎಣಿಸ್ತಿದ್ದೆ. ಏನು ಮಾಡಿಬಿಡ್ತಾರೋ ಅಂತ ನನಗೂ ನಿಜವಾಗ್ಲೂ ಗೊತ್ತಿರಲಿಲ್ಲ.

ಫೋನ್ ನನ್ನ ಕೈಗೆ ವಾಪಸ್ ಇಟ್ಟು, "ಊಟ ಇನ್ನೂ ಐತಾ ನೋಡು" ಅಂದ್ರು.

ಅನ್ನ, ತೊವ್ವೆ ಇತ್ತು. ಉಂಡ್ವಿ. ಬೋಟಲ್ಲಿ ವಾಪಸ್ ಬರೋವಾಗ ಒಂದು ಮಾತೂ ಆಡಲಿಲ್ಲ.

ಮೂವತ್ತು ಸಾವಿರ ಎಷ್ಟು ಅಂತ ನಮ್ಮ ಭಾಷೇಲಿ ಹೇಳ್ಲಾ? 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100. ಆ ಲೆಕ್ಕದಲ್ಲಿ ಎರಡೂವರೆ ಕ್ವಿಂಟಾಲಿನ ಹತ್ರ. ಕಾಯಿ ಕಿತ್ತು, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗೆ ನೀರು ಬತ್ತಿ ಗಿಟಕು ಚಿಪ್ಪು ಬಿಟ್ಟು ಅಲ್ಲಾಡೋವರೆಗೂ ಕಾದು, ಸುಲಿದು, ಒಡೆದು, ಚೀಲ ತುಂಬೋದು. ಅಷ್ಟು ದಿನದ ಕಾಯೋಣ ಒಂದು ಗುಲಾಮನಿಗೆ ಹೋಯ್ತು. ಆದ್ರೆ ಹೋಗಲಿ ಅಂತ್ಲೇ ಕಟ್ಟಿದ್ದ ಲಕೋಟೆ ಅದು. ಮುಟ್ಟಬಾರದ್ದು ಮುಟ್ಟಲಿಲ್ಲ. ನನಗೆ ಅಷ್ಟು ಸಾಕಿತ್ತು.

ಊರಿಗೆ ಬಂದು ಒಂದು ದಿನ ಬಿಟ್ಟು ಮೂರನೇ ಮಾತು ನಡೆಸಿದ್ವಿ. ಜಾವಗಲ್ ಮೇಲೆ ಹಳೇಬೀಡಿನ ಬಸ್ಸು. ದೊಡ್ಡಮಾವನ ತೋಟ ಬಂದಾಗ ನಾನು ಕಿಟಕಿ ಕಡೆ ನೋಡದೆ ಕೂತೆ. ನಮ್ಮನೆಯೋರು ನೋಡಿದ್ರು, ಕತ್ತು ತಿರುಗಿಸಿ ಕಾಣೋವರೆಗೂ ನೋಡಿದ್ರು.

ಹೊಯ್ಸಳೇಶ್ವರನ ಗುಡಿ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿದ್ವಿ. ಕೆಳಗೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ ಮಹಾಭಾರತ. 1121ರ ಹೊತ್ತಿಗೆ ಶುರುವಾದ ಕೆಲಸ. ಇಷ್ಟು ಕೆತ್ತಿದ ಗುಡಿಗೆ ಮೇಲೆ ಶಿಖರ ಇಲ್ಲ. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಬಂತು, ಆಮೇಲೂ ದಾಳಿ ಆದ್ವು, ದ್ವಾರಸಮುದ್ರ ಅಂತಿದ್ದ ರಾಜಧಾನಿ ಹಳೇ ಬೀಡು ಆಯ್ತು. ಸ್ವಲ್ಪ ದೂರದ ಪಾರ್ಶ್ವನಾಥ ಬಸದೀಲಿ ಕಡೆದ ಕಂಬಗಳು ಇವತ್ತಿಗೂ ಹೊಳೀತವೆ, ಹತ್ರ ನಿಂತ್ರೆ ನಮ್ಮ ನೆರಳು ಕಾಣುತ್ತೆ. ಅಲ್ಲಿ ಜನ ಕಮ್ಮಿ. ಜಗಲಿ ಮೇಲೆ ಕೂತ್ವಿ.

ಅಲ್ಲಿ ನಮ್ಮನೆಯೋರು ಇಷ್ಟು ವರ್ಷ ಹೇಳದ್ದು ಹೇಳಿದ್ರು. ತೋಟ ಕೊಂಡೋರು ಸರಪಳಿ ಹಿಡ್ಕೊಂಡು ಅಳೆಯೋಕೆ ಬಂದ ದಿನ ಇವರಿಗೆ ಹನ್ನೊಂದು ವರ್ಷ. ಮನೆಯೋರೆಲ್ಲ ಒಳಗಿದ್ರು, ಇವರೊಬ್ರೇ ದೊಡ್ಡಪ್ಪನ ಪಕ್ಕ ಬದುವಿನ ಮೇಲೆ ನಿಂತಿದ್ದು. ದೊಡ್ಡಪ್ಪ ಅಳಲಿಲ್ಲವಂತೆ. ಇವರ ತಲೆ ಮೇಲೆ ಕೈ ಇಟ್ಟು, "ಎಲೆ ಚೆನ್ನಾಗೇ ಬಿದ್ದಿತ್ತು ಕಣ್ ಮಗಾ" ಅಂದ್ರಂತೆ.

"ಅದಕ್ಕೇ ನಾನು ನೋಟ್‌ಬುಕ್ ಬರೆಯೋದು ಕಣೆ. ದೊಡ್ಡಪ್ಪಂಗೆ ಗೆದ್ದ ಆಟ ಎಲ್ಲ ನೆನಪಿತ್ತು, ಸೋತದ್ದು ಒಂದೂ ಇರಲಿಲ್ಲ" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹಡಗಲ್ಲಿ ನಾನು ನಿನಗೆ ಹೇಳಿದ್ದೂ ಅದೇ ಮಾತಲ್ವಾ" ಅಂದ್ರು.

ನಾನು ಏನೂ ಹೇಳಲಿಲ್ಲ. ಬುತ್ತಿ ಬಿಚ್ಚಿ ಚಿತ್ರಾನ್ನ ಕೊಟ್ಟೆ.

ಬೇಲೂರು ಅಲ್ಲಿಂದ 16 ಕಿಲೋಮೀಟರು. ಮಧ್ಯಾಹ್ನ ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ರೆ ಚಪ್ಪಡಿ ಕಾದು ಹೆಂಚಾಗಿತ್ತು, ಇಬ್ರೂ ಚಿಕ್ಕ ಮಕ್ಕಳ ಹಂಗೆ ಕುಣ್ಕೊಂಡು ಓಡಿದ್ವಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೀತೈತೆ. ಮಂಗಳಾರತಿ ತಗೊಂಡು ಹೊರಗೆ ಬಂದು ದರ್ಪಣಸುಂದರಿ ಕೆಳಗೆ ನಿಂತು ಯಾರದೋ ಕೈಲಿ ಫೋಟೋ ತೆಗೆಸ್ಕೊಂಡ್ವಿ. ಇಡೀ ಪ್ರವಾಸದಲ್ಲಿ ಇಬ್ರೂ ಒಟ್ಟಿಗಿರೋ ಫೋಟೋ ಅದೊಂದೇ.

ನಾನು ಗೆದ್ದ ಸಾವಿರಕ್ಕೆ ಪಣಜಿಯಲ್ಲಿ ಗೋಡಂಬಿ ತಂದಿದ್ದೆ. ಅತ್ತೆ, "ಇದು ಆಟದ ದುಡ್ಡಾ?" ಅಂತ ಕೇಳಿದ್ರು. ಹೌದು ಅಂದೆ. ಒಂದನ್ನೂ ಬಾಯಿಗೆ ಹಾಕಲಿಲ್ಲ. ಮೊಮ್ಮಗಳು ಮುಷ್ಟಿಗಟ್ಟಲೆ ತಿಂದಾಗ ಬೇಡ ಅಂತಲೂ ಅನ್ನಲಿಲ್ಲ.

ಆ ವರ್ಷದ ಆಗಸ್ಟಲ್ಲಿ ಆನ್‌ಲೈನ್ ಆಟದ ಹೊಸ ಕಾನೂನಿಗೆ ಸಂಸತ್ತಿನ ಒಪ್ಪಿಗೆ ಸಿಕ್ತು, 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತಾನೂ ಬಿತ್ತು. ದುಡ್ಡು ಕಟ್ಟಿ ಆಡೋ ಆ್ಯಪುಗಳು ಒಂದೊಂದಾಗಿ ಮುಚ್ಚಿದ್ವು. ಕರ್ನಾಟಕ 2021ರಲ್ಲಿ ತಂದ ಇಂಥದ್ದೇ ನಿಷೇಧವನ್ನ ಹೈಕೋರ್ಟು 2022ರ ಫೆಬ್ರವರೀಲಿ ರದ್ದು ಮಾಡಿತ್ತು, ಹಂಗಾಗಿ ಇದೂ ಉಳಿಯಲ್ಲ ಅಂತ ನಮ್ಮನೆಯೋರು ಒಂದು ವಾರ ವಾದ ಮಾಡಿದ್ರು. ಆಮೇಲೆ ಅವರೇ ಸುಮ್ಮನಾದ್ರು. ರಾತ್ರಿ ಜಗಲೀಲಿ ಕೂರೋದು ಬಿಟ್ಟಿಲ್ಲ. ಕೈಲಿ ಫೋನಿಲ್ಲದೆ ಕೂತ ಗಂಡಸಿಗೆ ಏನು ಮಾಡ್ಬೇಕು ಅಂತ ತಿಳಿಯಲ್ಲ, ಅದಕ್ಕೇ ನಾನೂ ಸೊಪ್ಪು ಬಿಡಿಸೋದು ಅಲ್ಲಿಗೇ ತಂದಿದೀನಿ.

ಅದೇ ವರ್ಷ ಕೊಬ್ಬರಿ ಬೆಲೆ ಏರಿದ್ದು ನಮ್ಮ ಕಡೆಯೋರಿಗೆಲ್ಲ ಗೊತ್ತೇ ಐತೆ. ಪ್ರತಿ ಹರಾಜಿನ ದಿನ ಮನೇಲಿ ಪಂಚಾಯ್ತಿ, ಮಾರೋದಾ, ಇನ್ನೂ ಕಾಯೋದಾ? ಅತ್ತೆ ಮಾರಿಬಿಡಿ ಅನ್ನೋರು, ಮಗಳು ಕಾಯಿ ಅನ್ನೋಳು. ನಮ್ಮನೆಯೋರು ನೋಟ್‌ಬುಕ್ಕಿನ ಹೊಸ ಹಾಳೇಲಿ ಗೆರೆ ಹಾಕಿ, ಕಳೆದ ಸಲ ಯಾವಾಗ ಎಷ್ಟಿತ್ತು, ಫೀಸಿಗೆ ಎಷ್ಟು ಬೇಕು, ಬಿದ್ರೆ ಎಷ್ಟು ತಡೀಬಹುದು ಅಂತ ಬರೆದ್ರು. ಅರ್ಧ ಮಾರಿದ್ವಿ, ಅರ್ಧ ಅಟ್ಟದ ಮೇಲೆ ಬಿಟ್ವಿ. ಆ ಹಾಳೆ ಓದಿ ಹೇಳೋಕೆ ಅತ್ತೆ ಮಗನ್ನೇ ಕರೀತಾರೆ ಈಗ, ನನ್ನನ್ನಲ್ಲ.